ಬಾನೆಟ್‌ಗೆ ಡೀಸೆಲ್ ಒರೆಸಬೇಡಿ: ಒಂದು ಸ್ಪಷ್ಟನೆ

"ಘಾಟಿ ದಾರಿ ಹಿಡಿಯುವ ಮೊದಲು ಬಾನೆಟ್‌ಗೆ ಸ್ವಲ್ಪ ಡೀಸೆಲ್ ಒರೆಸಿ, ಹುಳ ಅಂಟುವುದೇ ಇಲ್ಲ" ಅನ್ನೋ ಮೆಸೇಜ್ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ನಿಜ. ಆ ಅರ್ಧವೂ ಉಪಯೋಗಕ್ಕೆ ಬರಲ್ಲ.

ಜಿಡ್ಡಿನ ಮೇಲೆ ಬಿದ್ದ ಹುಳ ಸುಲಭವಾಗಿ ಬಿಡುತ್ತದೆ, ಸರಿ. ಆದರೆ ಡೀಸೆಲ್ ಪೇಂಟ್ ಮೇಲಿನ ವ್ಯಾಕ್ಸನ್ನೇ ಕರಗಿಸುತ್ತದೆ. ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ, ಆಮೇಲೆ ಬಟ್ಟೆ ಆಡಿಸಿದರೆ ಗೀರು ಗ್ಯಾರಂಟಿ. ಅದೇ ಜಿಡ್ಡು ಮಳೆಯಲ್ಲಿ ಮುಂದಿನ ಗಾಜಿಗೆ ಹರಡಿದರೆ, ಎದುರು ಗಾಡಿಯ ಲೈಟ್ ಬಿದ್ದಾಗ ರಸ್ತೆಯೇ ಕಾಣಲ್ಲ. ಆಗುಂಬೆ ತಿರುವಿನಲ್ಲಿ ಇದೆಲ್ಲ ಬೇಕಾ?

ನಿಜವಾದ ತೊಂದರೆ ಇರುವುದು ಹುಳವನ್ನು ಒಣಗಲು ಬಿಡುವುದರಲ್ಲಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಲೈಟಿಗೆ ಮುತ್ತುತ್ತವೆ ಅಲ್ವಾ? ಬಂಪರ್, ನಂಬರ್ ಪ್ಲೇಟ್, ಕನ್ನಡಿಯ ಬೆನ್ನು, ಎಲ್ಲ ಕಡೆ ಹಳದಿ ಚುಕ್ಕೆ, ಅಂಟಿದ ರೆಕ್ಕೆ. ಆ ರಸದಲ್ಲಿ ಪ್ರೋಟೀನ್, ಸ್ವಲ್ಪ ಆಮ್ಲ ಇರುತ್ತದೆ. ಮರುದಿನದ ಬಿಸಿಲಿಗೆ ಗಟ್ಟಿಯಾಗಿ ಕ್ಲಿಯರ್ ಕೋಟನ್ನು (ಪೇಂಟ್ ಮೇಲಿನ ಪಾರದರ್ಶಕ ಪದರ) ತಿನ್ನುತ್ತದೆ. ಒರೆಸಿದ ಮೇಲೂ ಮಾಸಲು ಗುರುತು ಹೋಗಲ್ಲ.

ಮನೆ ಮುಟ್ಟಿದ ರಾತ್ರಿಯೇ ಒದ್ದೆ ಬಟ್ಟೆ ಹಾಸಿ 10 ನಿಮಿಷ ನೆನೆಸಿ. ಮೆತ್ತಗಾದ ಮೇಲೆ ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ ಸಾಕು. ಪಾತ್ರೆ ಉಜ್ಜುವ ನಾರು ಬೇಡವೇ ಬೇಡ. ಮಳೆಗಾಲಕ್ಕೆ ಮೊದಲು ಒಮ್ಮೆ ವ್ಯಾಕ್ಸ್ ಹಚ್ಚಿದರೆ ಇನ್ನೂ ಸಲೀಸು.

ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಯುವ ಗಟ್ಟಿ ಲೇಪ) ಮಾಡಿಸಿದವರಿಗೂ ತೊಳೆಯುವ ಕೆಲಸ ತಪ್ಪಲ್ಲ. ಗ್ರಿಲ್‌ಗೆ ಕಟ್ಟುವ ಬಲೆ ರೇಡಿಯೇಟರ್ ಕಾಯುತ್ತದೆ, ಪೇಂಟನ್ನಲ್ಲ.