ಒಂದು ಹಸಿರಿಗೆ ಎಷ್ಟು ನಕಲು?

ದಾವಣಗೆರೆಯ ಅಡಿಕೆ ಮಂಡಿಯೊಂದರ ಬಿಲ್ಲಿಂಗ್ ತಂತ್ರಾಂಶ. ಬಟನ್ನಿನ ಹಸಿರು ಒಂಚೂರು ಗಾಢವಾಗಬೇಕಂತೆ, ಅಷ್ಟೇ. ಫೈಲು ತೆರೆದರೆ ಮೈಯೆಲ್ಲ ಉರಿಯಿತು. ತೂಕದ ವಿಂಡೋಗೊಂದು ಹಸಿರು, ಲೆಡ್ಜರಿಗೊಂದು ಹಸಿರು, ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳ ದರ ತುಂಬುವ ಪುಟಕ್ಕೆ ಮತ್ತೊಂದು. ಎಲ್ಲ ಕೈಯಲ್ಲಿ ಬರೆದಿಟ್ಟ ಬಣ್ಣದ ಕೋಡುಗಳು, ಒಂದಕ್ಕೊಂದು ಹೊಂದುವುದೂ ಇಲ್ಲ!

ಇದನ್ನು ಕಟ್ಟಿರುವುದು ಡಬ್ಲ್ಯೂಪಿಎಫ್‌ನಲ್ಲಿ, ಅಂದರೆ ವಿಂಡೋಸ್ ತಂತ್ರಾಂಶಗಳ ಪರದೆ ಕಟ್ಟುವ ಮೈಕ್ರೋಸಾಫ್ಟಿನ ಸಲಕರಣೆಯಲ್ಲಿ. ಅದು ಬಂದದ್ದು 2006ರಲ್ಲಿ. ರಿಸೋರ್ಸ್ ಡಿಕ್ಷನರಿ ಅಂದಿನಿಂದಲೂ ಇದೆ. ಬಣ್ಣ, ಸ್ಟೈಲು, ಟೆಂಪ್ಲೇಟುಗಳಿಗೆ ಒಂದೊಂದು ಕೀ, ಅಂದರೆ ಹೆಸರು, ಕೊಟ್ಟು ಅದರಲ್ಲಿ ಒಂದು ಕಡೆ ಇಟ್ಟು, ಅಪ್ಲಿಕೇಶನ್ನಿನ ಮುಖ್ಯ ಫೈಲಾದ ಆ್ಯಪ್ ಡಾಟ್ ಝ್ಯಾಮಲ್‌ನಲ್ಲಿ ಒಮ್ಮೆ ಮರ್ಜ್ ಮಾಡಿದರೆ, ಅಂದರೆ ಸೇರಿಸಿದರೆ, ಇಡೀ ಅಪ್ಲಿಕೇಶನ್ನಿಗೆ ಸಿಗುತ್ತದೆ. ಅಷ್ಟು ಮಾಡೋದಕ್ಕೆ ಏನು ದಾಡಿ?

ಡಿಕ್ಷನರಿ ಬಳಸಿದವರದ್ದು ಇನ್ನೊಂದು ಗೋಳು. ಅದನ್ನೇ ಪ್ರತಿ ಯೂಸರ್ ಕಂಟ್ರೋಲಿನೊಳಗೂ, ಅಂದರೆ ಪರದೆಯ ಒಂದೊಂದು ತುಣುಕಿನೊಳಗೂ, ಮತ್ತೆ ಮತ್ತೆ ಮರ್ಜ್ ಮಾಡುತ್ತಾರೆ. ಕಂಟ್ರೋಲ್ ಹುಟ್ಟಿದಾಗಲೆಲ್ಲ ಮೆಮೊರಿಯಲ್ಲಿ ಹೊಸ ಪ್ರತಿ. ಮಂಡಿಯ ಹಳೇ ಕಂಪ್ಯೂಟರ್ ಇದನ್ನೆಲ್ಲ ಎಲ್ಲಿಂದ ತಡೆದುಕೊಳ್ಳಬೇಕು? ಒಂದೇ ಕೀ ಎರಡು ಡಿಕ್ಷನರಿಗಳಲ್ಲಿದ್ದರೆ ಕೊನೆಗೆ ಸೇರಿಸಿದ್ದೇ ಗೆಲ್ಲುತ್ತದೆ, ಒಂದು ಎಚ್ಚರಿಕೆಯೂ ಇಲ್ಲ. ಯಾವುದು ಯಾವುದನ್ನು ನುಂಗಿತು ಅಂತ ಹುಡುಕುತ್ತ ಕೂರಬೇಕು.

ಇನ್ನು ಸ್ಟ್ಯಾಟಿಕ್ ರಿಸೋರ್ಸ್, ಅಂದರೆ ಡಿಕ್ಷನರಿಯ ಬಣ್ಣವನ್ನು ಕೀ ಹೇಳಿ ಒಂದೇ ಸಲ ತಂದುಕೊಳ್ಳುವ ಬಗೆ. ಕೀಯಲ್ಲಿ ಒಂದಕ್ಷರ ತಪ್ಪಿದರೂ ಬಿಲ್ಡ್, ಅಂದರೆ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ, ಸಲೀಸಾಗಿ ಮುಗಿಯಬಹುದು, ವಿಂಡೋ ತೆರೆದ ಕ್ಷಣ ಪ್ರೋಗ್ರಾಮ್ ದೊಪ್ಪೆಂದು ಬೀಳುತ್ತದೆ. ಡಿಕ್ಷನರಿಯಲ್ಲಿ ಬದಲಾದರೆ ತಾನೂ ಬದಲಾಗುವ ಡೈನಮಿಕ್ ರಿಸೋರ್ಸ್ ಆದರೆ ಬೀಳುವುದೂ ಇಲ್ಲ, ಬಣ್ಣ ಬರುವುದೂ ಇಲ್ಲ. ಚನ್ನಗಿರಿ ಕಡೆಯಿಂದ ಮೂಟೆ ತಂದ ರೈತ ಬಿಲ್ಲಿಗೆ ಕಾಯುತ್ತ ನಿಂತಿರುತ್ತಾನಲ್ಲ, ಅವನಿಗೆ ಏನಂತ ಹೇಳೋದು, ಯಾರೋ ಹಸಿರನ್ನು ನಕಲು ಮಾಡಿಟ್ಟಿದ್ದಾರೆ ಅಂತಲೇ?