ಸೀಟಿನ ಹೊಳಪು ನೋಡಿ ಕಾರು ಕೊಳ್ಳಬೇಡಿ

ಶನಿವಾರ ಭಾವನ ಜೊತೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿದ್ದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಂಟು ವರ್ಷ ಹಳೆಯ ದೊಡ್ಡ ಸೆಡಾನ್. ಕ್ರೀಮ್ ಬಣ್ಣದ ಲೆದರ್ ಸೀಟು. ಬಾಗಿಲು ತೆಗೆದರೆ ಒಳಗೆ ಎಲ್ಲ ಥಳಥಳ. ಭಾವನ ಮುಖ ಅರಳಿತು. "ನೋಡೋ, ಒಂದು ಗೀರೂ ಇಲ್ಲ" ಅಂದರು. ಮಾರುವ ಹುಡುಗ ಪಕ್ಕದಲ್ಲೇ ನಿಂತು "ಶೋರೂಮ್ ಕಂಡೀಷನ್ ಸರ್, ಸಿಂಗಲ್ ಓನರ್" ಅಂದ. ನಾನು ಜೇಬಿನಿಂದ ಬಿಳಿ ಕರ್ಚೀಫು ತೆಗೆದು, ಚೂರು ಒದ್ದೆ ಮಾಡಿ, ಡ್ರೈವರ್ ಸೀಟಿನ ಬಲಬದಿಯ ಉಬ್ಬಿನ ಮೇಲೆ ಉಜ್ಜಿದೆ. ಮೊದಲು ಜಿಡ್ಡು ಬಂತು. ಇನ್ನೂ ಉಜ್ಜಿದೆ, ಕ್ರೀಮ್ ಬಣ್ಣವೇ ಕಿತ್ತು ಬಂತು. ಅದರ ಕೆಳಗೆ ಎಳೆ ಎಳೆಯಾಗಿ ಬಿರುಕು. ಹುಡುಗ "ಸರ್, ಹಾಗೆಲ್ಲ ಉಜ್ಜಬಾರದು" ಅಂದ. ಸೀಟು ಅಂದಮೇಲೆ ಮನುಷ್ಯ ದಿನಾ ಕೂತು ಉಜ್ಜುವ ಜಾಗ ಅದು. ಕರ್ಚೀಫಿಗೆ ತಡೆಯದ ಬಣ್ಣ ಪ್ಯಾಂಟಿಗೆ ತಡೆಯುತ್ತಾ?

ನಾನು ಕುಶನ್ ಅಂಗಡಿಯಲ್ಲಿ ಬೆಳೆದವನು ಅಂತ ನಿಮಗೆಲ್ಲ ಗೊತ್ತು. ಅಪ್ಪ ಅಂಬಾಸಿಡರ್, ಫಿಯಟ್ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತಿದ್ದ ಕಾಲದಿಂದ ಈ ವಾಸನೆ ನನ್ನ ಮೂಗಿನಲ್ಲಿದೆ. ಹಾಗಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹೊಳೆಯುವ ಲೆದರ್ ಚೆನ್ನಾಗಿರುವ ಲೆದರ್ ಅಲ್ಲ. ಕಾರಿಗೆ ಹಾಕುವ ಲೆದರ್ ಫ್ಯಾಕ್ಟರಿಯಿಂದ ಬರುವಾಗ ಹೆಚ್ಚಾಗಿ ಮಬ್ಬಾಗಿಯೇ ಇರುತ್ತದೆ. ಮುಟ್ಟಿದರೆ ಒಣಗಿದಂತೆ, ಮೆತ್ತಗೆ. ಹಳೇ ಸೀಟು ಹೊಳೆಯುತ್ತಿದೆ ಅಂದರೆ ಸಾಮಾನ್ಯವಾಗಿ ಎರಡೇ ಕಾರಣ. ವರ್ಷಗಟ್ಟಲೆ ಕೂತ ಮೈಜಿಡ್ಡು, ಇಲ್ಲವೇ ಮಾರುವ ಮುಂಚೆ ಬಳಿದ ಸಿಲಿಕಾನ್ ಪಾಲಿಶ್. ಎರಡೂ ಒಳ್ಳೆ ಸುದ್ದಿ ಅಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಬಲಬದಿಯ ಆ ಉಬ್ಬು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿದೆ, ಹತ್ತುವಾಗ ಇಳಿಯುವಾಗ ತೊಡೆ, ಬೆಲ್ಟು, ಜೀನ್ಸ್ ಜೇಬಿನ ಗುಂಡಿ ಎಲ್ಲ ಅಲ್ಲೇ ಉಜ್ಜುತ್ತವೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ, ಚರ್ಮವನ್ನು ಎರಡೂ ಕಡೆ ಮೆಲ್ಲಗೆ ಎಳೆಯಿರಿ. ನೆರಿಗೆಯಾದರೆ ತಳದಲ್ಲೂ ಅದೇ ಬಣ್ಣ ಇರುತ್ತದೆ, ಎಳೆದಾಗ ಸಪಾಟಾಗುತ್ತದೆ. ನೆರಿಗೆಗೆ ಹೆದರಬೇಡಿ. ಅದು ದನದ ಚರ್ಮ, ದಪ್ಪ ಒಂದು ಮಿಲಿಮೀಟರ್ ಆಸುಪಾಸು, ಕೂತರೆ ಮಡಚಲೇಬೇಕು. ಬಿರುಕು ಬೇರೆ. ಎಳೆದಾಗ ಬಾಯಿ ಬಿಡುತ್ತದೆ, ತಳದಲ್ಲಿ ಬೂದಿಯದೋ ಕಂದಿನದೋ ಬೇರೆ ಬಣ್ಣ, ಬೆರಳಿಗೆ ನಾರು ನಾರಾಗಿ ತಾಗುತ್ತದೆ. ಈ ಲೆದರಿನ ಮೇಲೆ ಒಂದು ಬಣ್ಣದ ಪದರ, ಅದರ ಮೇಲೆ ತೆಳ್ಳಗೆ ಒಂದು ಪಾರದರ್ಶಕ ಲೇಪ ಇರುತ್ತದೆ. ಸವೆತ ಮೇಲಿನಿಂದ ಒಂದೊಂದೇ ಪದರ ತಿನ್ನುತ್ತಾ ಬರುತ್ತದೆ. ನಾರು ಕಂಡಿತು ಅಂದರೆ ಎರಡೂ ಪದರ ಹೋಗಿದೆ ಅಂತ.

ಬಣ್ಣ ಬಳಿದು ಮುಚ್ಚಿದ್ದಾರಾ ಅಂತ ತಿಳಿಯಲು ಹೊಲಿಗೆ ನೋಡಿ. ಇದು ಅಪ್ಪ ತೋರಿಸಿಕೊಟ್ಟದ್ದು. ಸ್ಪ್ರೇ ಹೊಡೆಯುವವರಿಗೆ ಒಂದೊಂದೇ ದಾರವನ್ನು ಟೇಪ್ ಹಚ್ಚಿ ಮುಚ್ಚುವ ತಾಳ್ಮೆ ಇರುವುದಿಲ್ಲ. ಪಕ್ಕದ ಸೀಟಿನಲ್ಲಿ ದಾರ ಕಂದು, ಡ್ರೈವರ್ ಸೀಟಿನಲ್ಲಿ ದಾರವೂ ಚರ್ಮವೂ ಒಂದೇ ಕ್ರೀಮ್ ಆಗಿದ್ದರೆ ಮುಗಿಯಿತು, ಗೊತ್ತಾಯಿತು. ಸಣ್ಣ ಸಣ್ಣ ತೂತಿರುವ ಸೀಟಾದರೆ ಟಾರ್ಚ್ ಹಿಡಿಯಿರಿ. ಕೆಲವು ತೂತಿನ ಬಾಯಿ ಬಣ್ಣದಿಂದ ಮುಚ್ಚಿಹೋಗಿರುತ್ತದೆ. ಶನಿವಾರ ನೋಡಿದ ಕಾರಿನಲ್ಲಿ ಎರಡೂ ಇತ್ತು. ದಾರದ ಮೇಲೆ ಬಣ್ಣ ಗಂಟು ಕಟ್ಟಿತ್ತು.

ಬಣ್ಣ ಹಾಕಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಜಿಡ್ಡು ಪೂರ್ತಿ ತೆಗೆದು, ಬಿರುಕು ತುಂಬಿಸಿ, ನಯ ಮಾಡಿ, ತೆಳುವಾಗಿ ಬಣ್ಣ ಕೊಟ್ಟು, ಮೇಲೆ ಲೇಪ ಹಾಕಿದರೆ ಅದು ಗೌರವದ ಕೆಲಸ, ವರ್ಷಗಟ್ಟಲೆ ನಿಲ್ಲುತ್ತದೆ. ಮಾಡಿಸಿದ್ದೇವೆ ಅಂತ ಹೇಳಿ ಮಾರಿ, ಬಿಲ್ ತೋರಿಸಿ. ಜಿಡ್ಡಿನ ಮೇಲೇ ಬಣ್ಣ ಹೊಡೆದು, ಅದರ ಮೇಲೆ ಪಾಲಿಶ್ ಬಳಿದು, ಮೇಲಿಂದ ಲೆದರ್ ವಾಸನೆಯ ಸ್ಪ್ರೇ ಹೊಡೆದು "ಒರಿಜಿನಲ್" ಅನ್ನುವುದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ. ಹಿಂದಿನ ಸೀಟಿನ ಎಡಭಾಗ. ನಮ್ಮೂರಲ್ಲಿ ದೊಡ್ಡ ಕಾರುಗಳನ್ನು ಎಷ್ಟೋ ಸಲ ಡ್ರೈವರ್ ಓಡಿಸುತ್ತಾರೆ, ಸಾಹೇಬರು ಹಿಂದೆ ಎಡಕ್ಕೆ ಕೂರುತ್ತಾರೆ. "ಓನರ್ ಒಬ್ಬರೇ ಓಡಿಸುತ್ತಿದ್ದರು, ವಾರಕ್ಕೊಮ್ಮೆ" ಅಂತ ಹೇಳಿದ ಕಾರಿನಲ್ಲಿ ಹಿಂದಿನ ಎಡ ಸೀಟು ಕುಸಿದು, ತಲೆ ಒರಗಿಸುವ ಕಡೆ ಎಣ್ಣೆ ಕಲೆ ಕಂಡರೆ ಆ ಮಾತು ಸುಳ್ಳು. ಸೀಟು ಎಂದೂ ಸುಳ್ಳು ಹೇಳುವುದಿಲ್ಲ, ಅದಕ್ಕೇ ಅದನ್ನು ಮುಚ್ಚುವುದಕ್ಕೆ ಇಷ್ಟು ಕಷ್ಟಪಡುತ್ತಾರೆ.

ಭಾವ ವಾಪಸ್ ಬರುವಾಗ ವಾದ ಮಾಡಿದರು. "ಇಂಜಿನ್ ಚೆನ್ನಾಗಿದ್ರೆ ಸಾಕಪ್ಪ. ಸೀಟ್ ಏನು, ಹತ್ತು ಸಾವಿರ ಕೊಟ್ರೆ ಹೊಸ ಕವರ್ ಬರುತ್ತೆ." ಸುಮಾರು ಜನ ಹೀಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂಜಿನ್ ಮುಖ್ಯ, ಸರಿ. ಆದರೆ ಸೀಟಿನ ವಿಷಯದಲ್ಲಿ ಸುಳ್ಳು ಹೇಳಿದವರು ಇಂಜಿನ್ ವಿಷಯದಲ್ಲಿ ನಿಜ ಹೇಳುತ್ತಾರೆ ಅಂತ ಹೇಗೆ ನಂಬುತ್ತೀರಿ? ಕವರ್ ಮಾತು ಇನ್ನೂ ಅಪಾಯದ್ದು. ಈಗಿನ ಎಷ್ಟೋ ಕಾರುಗಳಲ್ಲಿ ಮುಂದಿನ ಸೀಟಿನ ಹೊರಬದಿಯ ಒಳಗೆ ಏರ್‌ಬ್ಯಾಗ್ ಇರುತ್ತದೆ. ಸೀಟಿನ ಪಕ್ಕ ಏರ್‌ಬ್ಯಾಗ್ ಅಂತ ಚಿಕ್ಕ ಚೀಟಿ ಹೊಲಿದಿರುತ್ತದೆ. ಎಷ್ಟೋ ಸೀಟುಗಳಲ್ಲಿ ಅಪಘಾತವಾದಾಗ ಹರಿದುಕೊಳ್ಳಲಿ ಅಂತ ಆ ಬದಿಯ ಹೊಲಿಗೆಯನ್ನು ಬೇಕೆಂದೇ ಸುಲಭವಾಗಿ ಕಿತ್ತುಹೋಗುವ ದಾರದಲ್ಲಿ ಹಾಕಿರುತ್ತಾರೆ. ಅದರ ಮೇಲೆ ದಪ್ಪ ಕವರ್ ಬಿಗಿದರೆ, ಗಟ್ಟಿ ನೈಲಾನ್ ದಾರದಲ್ಲಿ ಮತ್ತೆ ಹೊಲಿದರೆ, ಆ ಚೀಲ ಸಮಯಕ್ಕೆ ಹೊರಗೆ ಬರದೇ ಹೋಗಬಹುದು. ಅಗ್ಗದ ಕವರ್ ಹಾಕಿಸಿಕೊಂಡು ಜೀವದ ಜೊತೆ ಆಟ ಆಡಬೇಡಿ. ತಂಪು ಗಾಳಿ ಬರುವ ಸೀಟಿದ್ದರೆ ಕವರ್ ಹಾಕಿದ ದಿನವೇ ಅದಕ್ಕೆ ಕೊಟ್ಟ ದುಡ್ಡು ದಂಡ.

ಕಿಲೋಮೀಟರ್ ಕಡಿಮೆ ಕಾಣಲಿ ಅಂತ ಮೀಟರ್ ತಿರುಗಿಸಿದ್ದಾರಾ ಅನ್ನುವುದಕ್ಕೂ ಸೀಟೇ ಸಾಕ್ಷಿ. ಮೀಟರ್ 30,000 ಕಿ.ಮೀ. ತೋರಿಸುತ್ತಿದೆ, ಸೀಟಿನ ಉಬ್ಬು ನಾರು ಬಿಟ್ಟಿದೆ, ಸ್ಟೀರಿಂಗ್ ನುಣ್ಣಗಾಗಿದೆ, ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಹಾಗಂತ ಸೀಟು ಒಂದನ್ನೇ ನೋಡಿ ತೀರ್ಪು ಕೊಡುವುದೂ ನ್ಯಾಯ ಅಲ್ಲ. ದಿನಕ್ಕೆ ಹತ್ತು ಸಲ ಇಳಿದು ಹತ್ತುವ ಡಾಕ್ಟರ ಕಾರಿನ ಸೀಟು ಕಡಿಮೆ ಕಿಲೋಮೀಟರಿಗೇ ಸವೆಯಬಹುದು. ಬೆಂಗಳೂರು-ಹುಬ್ಬಳ್ಳಿ ಹೈವೇಯಲ್ಲೇ ಲಕ್ಷ ಓಡಿದ ಕಾರಿನ ಸೀಟು ಚೆಂದ ಇರಬಹುದು. ಸೀಟು, ಸ್ಟೀರಿಂಗ್, ಪೆಡಲ್, ಸರ್ವಿಸ್ ದಾಖಲೆ ನಾಲ್ಕೂ ಒಂದೇ ಕಥೆ ಹೇಳಬೇಕು.

ಬೆಂಗಳೂರಿನವರು ಸೀಟಿನ ಕೆಳಗೂ ಬಗ್ಗಿ ನೋಡಬೇಕು. 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಎಷ್ಟು ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವು. ನೀರು ಕುಡಿದ ಸೀಟನ್ನು ಮೇಲಿನಿಂದ ಎಷ್ಟು ಬೇಕಾದರೂ ಚೆಂದ ಮಾಡಬಹುದು. ಕೆಳಗೆ ಹಳಿ, ಬೋಲ್ಟು, ಲೆದರನ್ನು ಸ್ಪಂಜಿಗೆ ಬಿಗಿಯುವ ತಂತಿ ಉಂಗುರ ತುಕ್ಕು ಹಿಡಿದಿರುತ್ತವೆ. ಕಾರ್ಪೆಟ್ ಎತ್ತಿದರೆ ಒಣಗಿದ ಕೆಸರಿನ ಪುಡಿ. ನೆನೆದು ಒಣಗಿದ ಲೆದರ್ ಬಿರುಸಾಗುತ್ತದೆ, ಬೆರಳಿಗೆ ತಿಳಿಯುತ್ತದೆ.

ಬಗ್ಗಿದಾಗ ಇನ್ನೊಂದು ಕೆಲಸವೂ ಆಗುತ್ತದೆ. ಅದು ನಿಜವಾದ ಲೆದರೇ ಅಂತ ಗೊತ್ತಾಗುತ್ತದೆ. ಕೆಳ ಅಂಚಿನಲ್ಲಿ ಮಡಚಿದ ತುದಿ ಕಾಣುತ್ತದಲ್ಲ, ಅದರ ಹಿಂಬದಿ ನೋಡಿ. ನಾರು ನಾರಾಗಿ ಒರಟಾಗಿದ್ದರೆ ಚರ್ಮ. ನೇಯ್ದ ಬಟ್ಟೆ ಕಂಡರೆ ಲೆದರೆಟ್, ಅಂದರೆ ಚರ್ಮದಂತೆ ಕಾಣುವ ಕೃತಕ ಹೊದಿಕೆ. ಬೆಂಕಿ ಕಡ್ಡಿ ಗೀರಿ ನೋಡುವ ಹುಚ್ಚು ಬೇಡ. ಎಷ್ಟೋ ಕಾರುಗಳಲ್ಲಿ ಕೂರುವ ಭಾಗ ಮಾತ್ರ ಚರ್ಮ, ಬದಿ ಮತ್ತು ಹಿಂಭಾಗ ಲೆದರೆಟ್. ಮರ್ಸಿಡಿಸ್, ಬಿಎಂಡಬ್ಲ್ಯುಗಳಲ್ಲೂ ಆರ್ಟಿಕೊ, ಸೆನ್ಸಾಟೆಕ್ ಅನ್ನುವ ಹೆಸರಿನಲ್ಲಿ ಬರುವುದು ಚರ್ಮ ಅಲ್ಲ. ಅದು ಕೀಳು ಅಂತಲ್ಲ, ಒಳ್ಳೆಯ ಲೆದರೆಟ್ ಚೆನ್ನಾಗಿ ಬಾಳುತ್ತದೆ. ಆದರೆ ಪಿಯು (ಪಾಲಿಯುರೆಥೇನ್) ಅನ್ನುವ ಪ್ಲಾಸ್ಟಿಕ್ಕಿನ ಅಗ್ಗದ ಲೆದರೆಟ್ ತೇವದ ಗಾಳಿಗೆ ಕೊಳೆತು ಸಿಪ್ಪೆ ಏಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಸ್ನೇಹಿತರು ಇದನ್ನು ಚೆನ್ನಾಗಿ ಬಲ್ಲರು. ಸಿಪ್ಪೆ ಎದ್ದ ಮೇಲೆ ಯಾವ ಕ್ರೀಮು ಹಚ್ಚಿದರೂ ಅದು ಕೂರುವುದಿಲ್ಲ, ಬದಲಾಯಿಸಲೇಬೇಕು.

ಈಗ ಕೊಂಡ ಮೇಲಿನ ಮಾತು. ಇಲ್ಲೂ ನನ್ನ ಜಗಳ ಹೊಳಪಿನ ಜೊತೆಗೇ. ವಾಟ್ಸಾಪಿನಲ್ಲಿ ಯಾರೋ ಹೇಳಿದರು ಅಂತ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ದಯವಿಟ್ಟು ಬೇಡ. ಮೇಲೆ ಲೇಪ ಇರುವಾಗ ಎಣ್ಣೆ ಒಳಗೆ ಇಳಿಯುವುದು ಅಷ್ಟಕ್ಕಷ್ಟೇ. ಮೇಲೇ ನಿಂತು ಧೂಳು ಹಿಡಿಯುತ್ತದೆ, ಆ ಧೂಳು ಕೂತಾಗಲೆಲ್ಲ ಉಜ್ಜಿ ಬಣ್ಣ ತಿನ್ನುತ್ತದೆ. ಬಿರುಕಿದ್ದ ಕಡೆ ಮಾತ್ರ ಒಳಗೆ ಹೋಗಿ ಕಪ್ಪು ಕಲೆ ಮಾಡುತ್ತದೆ. ಈ ಲೆದರಿಗೆ ತಿನ್ನಿಸುವುದಕ್ಕಿಂತ ತೊಳೆಯುವುದು ಮುಖ್ಯ. ಅದನ್ನು ಹಾಳು ಮಾಡುವುದು ಬೆವರು, ತಲೆ ಎಣ್ಣೆ, ಬಿಸಿಲು ಮತ್ತು ಮರಳು.

ಮೊದಲು ವ್ಯಾಕ್ಯೂಮ್ ಹಿಡಿದು ಹೊಲಿಗೆ ಸಂದಿಯ ಮರಳು ತೆಗೆಯಿರಿ, ಆ ಮರಳೇ ದಾರ ಕತ್ತರಿಸುವುದು. ಕಾರಿನ ಲೆದರ್ ಕ್ಲೀನರನ್ನು ಸೀಟಿಗೆ ಸುರಿಯಬೇಡಿ, ಮೆತ್ತಗಿನ ಬ್ರಷ್ಷಿಗೆ ಹಾಕಿ ನೊರೆ ಬರಿಸಿ. ಒಂದೊಂದೇ ಭಾಗ ಉಜ್ಜಿ, ನೊರೆ ಕಂದಾದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಸೀಟು ಮಬ್ಬಾದರೆ ಖುಷಿಪಡಿ, ಕೊಳೆ ಹೋಗಿದೆ ಅಂತ. ತೂತಿನ ಸೀಟಿಗೆ ನೀರು ತೀರಾ ಕಡಿಮೆ. ಎರಡು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಪಾತ್ರೆ ಸೋಪು, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರಾವಣ ಹತ್ತಿರಕ್ಕೂ ತರಬೇಡಿ. ಕೋವಿಡ್ ಸಮಯದಲ್ಲಿ ಸ್ಯಾನಿಟೈಸರ್ ಹಾಕಿ ಒರೆಸಿ ಒರೆಸಿ ಎಷ್ಟು ಸ್ಟೀರಿಂಗು, ಸೀಟುಗಳ ಮೇಲ್ಪದರ ಕಿತ್ತುಹೋಯಿತು ಅಂತ ನೆನೆದರೆ ಸಂಕಟವಾಗುತ್ತದೆ. ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ಹತ್ತಿದರೆ ಆ ವಾರವೇ ತೊಳೆಯಿರಿ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಬಿಸಿಲಲ್ಲಿ ನಿಲ್ಲಿಸಲೇಬೇಕಾದರೆ ಮುಂದಿನ ಗಾಜಿಗೆ ಪರದೆ ಹಾಕಿ.

ಇಷ್ಟೆಲ್ಲ ಯಾಕೆ ಹಚ್ಚಿಕೊಳ್ಳುತ್ತೀಯ ಅಂತ ಹೆಂಡತಿಯೂ ಕೇಳಿದಳು. ಅಪ್ಪನ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿದ್ದವು. ಒಂದು ಮೂಲೆ ನೆಟ್ಟಗೆ ಕೂರಲಿಲ್ಲ ಅಂದರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು, ಗಿರಾಕಿ ಬೇಡ ಅಂದರೂ. ಆ ಕೆಲಸ ನೋಡಿ ಬೆಳೆದವನಿಗೆ ಜಿಡ್ಡಿನ ಮೇಲೆ ಬಣ್ಣ ಹೊಡೆದದ್ದನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ.

ಮಲೆನಾಡು, ಕೊಡಗಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಮುಚ್ಚಿಟ್ಟರೆ ಲೆದರಿಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಛತ್ರಿ, ಒದ್ದೆ ಮ್ಯಾಟ್ ಒಳಗೆ ಬಿಡಬೇಡಿ. ಬೂಷ್ಟು ಬಂದರೆ ಬಾಗಿಲೆಲ್ಲ ತೆಗೆದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಟ್ಟೆಯಲ್ಲಿ ಒರೆಸಿ, ಕ್ಲೀನರ್ ಹಾಕಿ ತೊಳೆದು, ಎಸಿ ಹಾಕಿ ಒಣಗಿಸಿ. ಹೊಲಿಗೆ ಬಿಟ್ಟಿದ್ದರೆ ಅದೇ ವಾರ ಹೊಲಿಸಿ, ಆಮೇಲೆ ಚರ್ಮವೇ ಹರಿಯುತ್ತದೆ. ಒಂದು ಭಾಗ ಹರಿದರೆ ಅಷ್ಟನ್ನೇ ಬದಲಾಯಿಸಬಹುದು, ಇಡೀ ಸೀಟು ಬೇಕಿಲ್ಲ. ಏರ್‌ಬ್ಯಾಗ್ ಇರುವ ಬದಿಯಾದರೆ ಮಾತ್ರ ಅದರ ಕೆಲಸ ತಿಳಿದವರ ಹತ್ತಿರವೇ ಹೋಗಿ.

ಯಾರಾದರೂ ಕಾರು ನೋಡುತ್ತಿದ್ದರೆ ಡ್ರೈವರ್ ಸೀಟಿನ ಬಲ ಉಬ್ಬು, ಅದರ ಹೊಲಿಗೆ, ಹಿಂದಿನ ಎಡ ಸೀಟು ಮೂರರ ಫೋಟೋ ಇನ್‌ಬಾಕ್ಸಿಗೆ ಕಳಿಸಿ. ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದ ಮೇಲೆ ತೆಗೆದದ್ದು. ಮಾರುವವರು ಕಳಿಸಿದ ಫೋಟೋ ಬೇಡ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಒಂದೊಂದಕ್ಕೂ ಉತ್ತರ ಕೊಡುತ್ತೇನೆ.