ತಡವಾದ ಬಜೆಟ್, ತಡವಾದ ಕಂತು

ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಹಣಕಾಸು ವರ್ಷ ಶುರುವಾಗುವುದು ಜುಲೈ 1ಕ್ಕೆ. 2025ರಲ್ಲಿ ಬಜೆಟ್‌ಗೆ ಗವರ್ನರ್ ಜೋಶ್ ಶಪೀರೊ ಸಹಿ ಬಿದ್ದದ್ದು ನವೆಂಬರ್ 12ಕ್ಕೆ. ಐವತ್ತು ಬಿಲಿಯನ್ ಡಾಲರ್ ಖರ್ಚಿನ ರಾಜ್ಯವೊಂದು ನಾಲ್ಕೂವರೆ ತಿಂಗಳು ಬಜೆಟ್ಟೇ ಇಲ್ಲದೆ ನಡೆಯಿತು ಎಂದು ಊರಿಗೆ ಫೋನ್ ಮಾಡಿದಾಗ ಹೇಳಿದರೆ ಅಣ್ಣ ಕೇಳುವ ಮೊದಲ ಪ್ರಶ್ನೆ, "ಮತ್ತೆ ಸರ್ಕಾರ ಬೀಳ್ಲಿಲ್ವೇನೋ?"

ಬೀಳುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ನಮ್ಮಲ್ಲಿ ವಿಧಾನಸಭೆಯಲ್ಲಿ ಧನವಿನಿಯೋಗ ಮಸೂದೆ ಸೋತರೆ ಮುಖ್ಯಮಂತ್ರಿ ಮನೆಗೆ ಹೋಗಬೇಕು. ಇಲ್ಲಿ ಗವರ್ನರನ್ನು ಜನ ನೇರವಾಗಿ ಆರಿಸುತ್ತಾರೆ, ಎರಡು ಸದನಗಳನ್ನೂ ಬೇರೆ ಬೇರೆಯಾಗಿ ಆರಿಸುತ್ತಾರೆ. ಆಗ ಕೆಳಮನೆಯಲ್ಲಿ ಡೆಮಾಕ್ರಟರಿಗೆ 102–101ರ ಒಂದೇ ಸೀಟಿನ ಬಹುಮತ, ಸೆನೆಟ್ಟಿನಲ್ಲಿ ರಿಪಬ್ಲಿಕನ್ನರು 27–23. ಬಸ್ಸು–ರೈಲಿಗೆ ಹಣ ಎಲ್ಲಿಂದ, ಕಾರ್ಬನ್ ಶುಲ್ಕದ ಒಪ್ಪಂದದಲ್ಲಿ ರಾಜ್ಯ ಇರಬೇಕೆ ಬೇಡವೆ ಎಂದು ಹಗ್ಗಜಗ್ಗಾಟ ನಡೆದೇ ನಡೆಯಿತು. ಸೋತವರು ಯಾರೂ ಕುರ್ಚಿ ಬಿಡಬೇಕಿಲ್ಲದಾಗ ಅವಸರವಾದರೂ ಯಾರಿಗೆ? 2015ರಲ್ಲಿ ಟಾಮ್ ವುಲ್ಫ್ ಗವರ್ನರ್ ಆಗಿದ್ದಾಗ ಇದೇ ಜಗಳ ಮರುವರ್ಷದ ಮಾರ್ಚ್‌ವರೆಗೂ ಎಳೆದಿತ್ತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಆ ಕೂಸು ಯಾವುದು ಎಂದು ಹುಡುಕಿದರೆ ರಾಜ್ಯ ಸರ್ಕಾರಿ ನೌಕರ ಅಲ್ಲ. ಅವರ ಸಂಬಳ ನಿಲ್ಲಲಿಲ್ಲ, ಶಾಸಕರದ್ದೂ ನಿಲ್ಲಲಿಲ್ಲ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ಕೂಡ ನಡೆಯಿತು. ನಿಂತದ್ದು ರಾಜ್ಯದಿಂದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಿದ್ದಂತೆ), ಶಾಲೆಗಳಿಗೆ, ಸೇವಾಸಂಸ್ಥೆಗಳಿಗೆ ಹರಿಯಬೇಕಿದ್ದ ದುಡ್ಡು. ಮಾನಸಿಕ ಆರೋಗ್ಯ ಸೇವೆ, ಮಕ್ಕಳ ರಕ್ಷಣೆ, ಮುದುಕರ ಆರೈಕೆ ಇಲ್ಲಿ ಬಹುಮಟ್ಟಿಗೆ ಕೌಂಟಿಯ ಕೆಲಸ, ಕೌಂಟಿ ಅದನ್ನು ಸ್ಥಳೀಯ ಸಂಸ್ಥೆಗಳ ಕೈಲಿ ಮಾಡಿಸುತ್ತದೆ. ನಾನಿರುವುದು ಪಿಟ್ಸ್‌ಬರ್ಗಿನ ಪೂರ್ವಕ್ಕೆ. ಪಕ್ಕದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿ ತನ್ನ ನೌಕರರನ್ನೇ ಸಂಬಳವಿಲ್ಲದೆ ಮನೆಗೆ ಕಳಿಸಿತು. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸರಿಗೆ ಆಸರೆ ಕೊಡುವ ಮನೆಗಳು ಬ್ಯಾಂಕಿನಲ್ಲಿ ಸಾಲ ಎತ್ತಿದವು, ಕೆಲವು ಸಿಬ್ಬಂದಿಯನ್ನು ತೆಗೆದವು. ಸೆಪ್ಟೆಂಬರಿನಲ್ಲಿ ರಾಜ್ಯದ ಖಜಾಂಚಿ ಸ್ಟೇಸಿ ಗ್ಯಾರಿಟಿ ಕೌಂಟಿಗಳಿಗೂ ಪುಟ್ಟ ಮಕ್ಕಳ ಹೆಡ್ ಸ್ಟಾರ್ಟ್ ಕೇಂದ್ರಗಳಿಗೂ 500 ಮಿಲಿಯನ್ ಡಾಲರ್ ತನಕ ಸಾಲ ಕೊಡುತ್ತೇನೆ ಎಂದರು, ಬಡ್ಡಿ ಶೇ 4.5. ತಮಗೆ ಬರಬೇಕಾದ ಹಣವನ್ನೇ ಬಡ್ಡಿಗೆ ತರುವುದು! (ಈ ಖಜಾಂಚಿಯೇ 2026ರ ಗವರ್ನರ್ ಚುನಾವಣೆಯಲ್ಲಿ ಶಪೀರೊ ಎದುರಾಳಿ ಎಂಬುದನ್ನೂ ಸೇರಿಸಿಕೊಂಡು ಓದಿ.)

ಅದರ ಮೇಲೆ ಅಕ್ಟೋಬರ್ 1ರಿಂದ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರವೂ ಬಾಗಿಲು ಹಾಕಿತು, 43 ದಿನ. ನವೆಂಬರ್ ಶುರುವಾದಾಗ ರೇಷನ್ನಿಗೆ ಸಮನಾದ ಸ್ನ್ಯಾಪ್ ಕಾರ್ಡಿಗೆ ಹಣ ಬರಲಿಲ್ಲ. ಈ ರಾಜ್ಯದಲ್ಲಿ ಅದನ್ನು ನಂಬಿದವರು ಸುಮಾರು 20 ಲಕ್ಷ ಜನ. ಮನೆ ಬೆಚ್ಚಗಿಡುವ ಗ್ಯಾಸು–ಎಣ್ಣೆಯ ಬಿಲ್ಲಿಗೆ ಸಹಾಯ ಮಾಡುವ ಲೈಹೀಪ್ ಪ್ರತಿ ವರ್ಷ ನವೆಂಬರ್ ಮೊದಲಿಗೆ ಅರ್ಜಿ ತೆಗೆದುಕೊಳ್ಳುತ್ತಿತ್ತು, ಆ ವರ್ಷ ಡಿಸೆಂಬರ್ 3ಕ್ಕೆ ಹೋಯಿತು. ಇಲ್ಲಿಯ ನವೆಂಬರ್ ಚಳಿ ಕಂಡವರಿಗೆ ಒಂದು ತಿಂಗಳು ಎಂದರೆ ಏನೆಂದು ಗೊತ್ತು. ಕಡಿಮೆ ಆದಾಯದವರ ಮನೆಯ ಗ್ಯಾಸು, ಕರೆಂಟು ಕತ್ತರಿಸಬಾರದೆಂಬ ಚಳಿಗಾಲದ ನಿಯಮ ಜಾರಿಗೆ ಬರುವುದೂ ಡಿಸೆಂಬರ್ 1ರಿಂದಲೇ.

ಇಷ್ಟೆಲ್ಲದರ ನಡುವೆ ಒಂದು ಚೆಕ್ಕು ಮಾತ್ರ ಜುಲೈನಲ್ಲಿ ಹೊತ್ತಿಗೆ ಸರಿಯಾಗಿ ಬಂತು. ಮನೆ ತೆರಿಗೆ ಅಥವಾ ಬಾಡಿಗೆಯಲ್ಲಿ ಒಂದು ಭಾಗ ವಾಪಸು ಕೊಡುವ ಯೋಜನೆಯದು. 65 ದಾಟಿದವರಿಗೆ, 50 ದಾಟಿದ ವಿಧವೆ–ವಿಧುರರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿದ್ದರೆ 1,000 ಡಾಲರ್ ತನಕ. ಅದು ನಿಲ್ಲದಿರಲು ಕಾರಣ, ಅದರ ಹಣ ಬರುವುದು ಲಾಟರಿ ಮತ್ತು ಜೂಜುಕಟ್ಟೆಯ ವರಮಾನದಿಂದ. ಲಾಟರಿಯ ಲಾಭ ವೃದ್ಧರಿಗೇ ಮೀಸಲು ಎಂದು ಇಲ್ಲಿಯ ಕಾನೂನಿದೆ. ಔಷಧಿ ಖರ್ಚಿನ ಪೇಸ್ ಯೋಜನೆಯೂ ಅದೇ ಹಣದ್ದು. ಜೂಜಿನ ದುಡ್ಡು ಶಾಸಕರ ಮಾತಿಗಿಂತ ನೆಟ್ಟಗೆ ಬಂತು ಅನ್ನುವುದು ನನಗಂತೂ ಖುಷಿ ಕೊಡುವ ವಿಷಯವಲ್ಲ, ಆದರೆ ನಡೆದದ್ದು ಹಾಗೆ. ನಿವೃತ್ತರಾದ ನಮ್ಮ ಕನ್ನಡದ ಹಿರಿಯರಲ್ಲಿ ಎಷ್ಟೋ ಮಂದಿ ಇದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. "ನಾವ್ಯಾಕಪ್ಪ ಸರ್ಕಾರದ ಮುಂದೆ ಕೈಯೊಡ್ಡೋದು" ಅನ್ನುತ್ತಾರೆ. ಮೂವತ್ತು ವರ್ಷ ಮನೆ ತೆರಿಗೆ ಕಟ್ಟಿದವರು, ತಾವೇ ಕಟ್ಟಿದ್ದರಲ್ಲಿ ಚೂರು ವಾಪಸು ತೆಗೆದುಕೊಳ್ಳಲು ಸಂಕೋಚ ಪಡುತ್ತಾರೆ.

ಇಷ್ಟು ಹೇಳಿದ ಮೇಲೆ ಅಣ್ಣನಿಗೆ ಹೆಮ್ಮೆ. ನಮ್ಮ ಪದ್ಧತಿಯೇ ವಾಸಿ ಎನ್ನುತ್ತಾನೆ. ಅರ್ಧ ನಿಜ. ಸಂವಿಧಾನದ 206ನೇ ವಿಧಿಯ ಲೇಖಾನುದಾನ ಎಂಬ ಏರ್ಪಾಡು ಪೆನ್ಸಿಲ್ವೇನಿಯಾ ಕಲಿಯಬೇಕಾದದ್ದು. ಪೂರ್ತಿ ಬಜೆಟ್ ಆಗದಿದ್ದರೆ ಕೆಲವು ತಿಂಗಳ ಖರ್ಚಿಗೆ ಒಪ್ಪಿಗೆ ಕೊಟ್ಟು ಮುಂದೆ ಹೋಗು. ಮೇಲ್ಮನೆ ಹಣದ ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. 2019ರ ಜುಲೈ ನೆನಪಿಸಿಕೊಳ್ಳಿ. 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿತ್ತು, ಶಾಸಕರು ಅನರ್ಹರಾದರು, ರೆಸಾರ್ಟು, ಸುಪ್ರೀಂ ಕೋರ್ಟು ಎಲ್ಲ ಆಯಿತು. ಆದರೂ 29ಕ್ಕೆ ಯಡಿಯೂರಪ್ಪ ವಿಶ್ವಾಸಮತ ಗೆದ್ದ ದಿನವೇ ಹಣಕಾಸು ಮಸೂದೆಯೂ ಪಾಸಾಯಿತು. ಅಂಥ ರಂಪದಲ್ಲೂ ಖಜಾನೆಗೆ ಬೀಗ ಬೀಳಲಿಲ್ಲ. ಅಮೆರಿಕದಲ್ಲೇ ವಿಸ್ಕಾನ್ಸಿನ್ ಇದಕ್ಕೆ ಹತ್ತಿರದ ದಾರಿ ಹಿಡಿದಿದೆ, ಹೊಸ ಬಜೆಟ್ ಆಗುವ ತನಕ ಹಳೆಯದೇ ಮುಂದುವರಿಯುತ್ತದೆ. ಕ್ಯಾಲಿಫೋರ್ನಿಯಾದವರು 2010ರಲ್ಲಿ ಜನಮತದಿಂದಲೇ ಶಾಸಕರ ಸಂಬಳಕ್ಕೆ ಕೈಹಾಕಿದರು, ಜೂನ್ 15ರೊಳಗೆ ಬಜೆಟ್ ಪಾಸಾಗದಿದ್ದರೆ ಆ ದಿನಗಳ ಸಂಬಳ ಖೋತಾ. ನಮ್ಮ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ ಇದರಲ್ಲಿ ಯಾವುದನ್ನು ಮಾಡಿದರೂ ಸಾಕಿತ್ತು.

ಇನ್ನರ್ಧ ಅತ್ತಿಗೆಯದು. ಅರಸೀಕೆರೆ ಕಡೆಯವಳು, ಗೃಹಲಕ್ಷ್ಮಿಯ ಫಲಾನುಭವಿ. 2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯ 4.09 ಲಕ್ಷ ಕೋಟಿಯ ಬಜೆಟ್ ಮಂಡಿಸಿದರು, ಐದು ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟರು. ತಡವೆಂಬ ಮಾತೇ ಇಲ್ಲ. ಆದರೆ ಅವಳ ಖಾತೆಗೆ 2,000 ರೂಪಾಯಿ ಯಾವ ತಾರೀಕಿಗೆ ಬರುತ್ತದೆ ಎಂದು ಎಲ್ಲೂ ಬರೆದಿಲ್ಲ. ಅಂಗನವಾಡಿಯಲ್ಲಿ ಕೇಳಿದರೆ "ಮೇಲಿಂದ ಬಂದಿಲ್ಲಕ್ಕಾ". ಕಚೇರಿಗೆ ಹೋದರೆ ಆಧಾರ್ ಲಿಂಕ್ ಆಗಿದೆಯಾ, ಬ್ಯಾಂಕಲ್ಲಿ ವಿಚಾರಿಸಿ. ಬ್ಯಾಂಕಿಗೆ ಹೋದರೆ ಮತ್ತೆ ಕಚೇರಿ. 2025ರ ಫೆಬ್ರುವರಿ, ಮಾರ್ಚ್ ಕಂತುಗಳು ಬಂದೇ ಇಲ್ಲ ಎಂಬುದನ್ನು ಸಚಿವೆ ಲಕ್ಷ್ಮಿ ಹೆಬ್ಬಾಳಕರ್ ಒಪ್ಪಿಕೊಂಡದ್ದು ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ, ವಿರೋಧ ಪಕ್ಷ ಪಟ್ಟು ಹಿಡಿದ ಮೇಲೆ. ಪೆನ್ಸಿಲ್ವೇನಿಯಾದಲ್ಲಿ ಬಜೆಟ್ ಎಷ್ಟು ದಿನ ತಡ ಎಂದು ಪತ್ರಿಕೆಗಳು ದಿನವೂ ಎಣಿಸುತ್ತಿದ್ದವು. ಅತ್ತಿಗೆಯ ತಡವನ್ನು ಎಣಿಸುವವಳು ಅತ್ತಿಗೆ ಒಬ್ಬಳೇ. ನನಗೆ ಹೆಚ್ಚು ಸಿಟ್ಟು ಬರುವುದು ಈ ಎರಡನೆಯದರ ಮೇಲೆ.

ಇಲ್ಲಿ ಒಬ್ಬರ ಸಹಾಯಧನ ನಿಲ್ಲಿಸಬೇಕಾದರೆ ಮೊದಲು ಕಾಗದ ಬರುತ್ತದೆ: ಯಾವ ತಾರೀಕಿನಿಂದ, ಯಾಕೆ, ಮೇಲ್ಮನವಿ ಹೇಗೆ. ಕೊಡುತ್ತಿರುವ ಸಹಾಯವನ್ನು ವಿಚಾರಣೆಗೆ ಮುಂಚೆ ಕಿತ್ತುಕೊಳ್ಳಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1970ರಲ್ಲೇ, ಗೋಲ್ಡ್‌ಬರ್ಗ್ ಮೊಕದ್ದಮೆಯಲ್ಲಿ ಹೇಳಿದೆ. ಇಡೀ ಸರ್ಕಾರವೇ ಬಾಗಿಲು ಹಾಕಿದಾಗ ಆ ಕಾಗದ ಉಪಯೋಗಕ್ಕೆ ಬರಲಿಲ್ಲ, ನಿಜ. ಒಬ್ಬ ಅಧಿಕಾರಿಯ ತಪ್ಪಿಗೆ ಮೇಲ್ಮನವಿ ಇದೆ, ಎರಡೂ ಸದನಗಳ ಇನ್ನೂರ ಐವತ್ತಮೂರು ಶಾಸಕರ ಹಟಕ್ಕೆ ಇಲ್ಲ. ಆದರೂ ಉಳಿದ ದಿನಗಳಲ್ಲಿ, ಅಂದರೆ ಬಹುಪಾಲು ದಿನಗಳಲ್ಲಿ, ಆ ಒಂದು ಕಾಗದ ಬಡವರನ್ನು ಕಚೇರಿಯಿಂದ ಕಚೇರಿಗೆ ಅಲೆಯದಂತೆ ಕಾಯುತ್ತದೆ.

ಹಾಗೆಂದು ಕರ್ನಾಟಕ ಇದನ್ನು ಅಮೆರಿಕದಿಂದ ತರಬೇಕಿಲ್ಲ. 2011ರ ಸಕಾಲ ಕಾಯ್ದೆ ನಮ್ಮದೇ. ಜಾತಿ ಪ್ರಮಾಣಪತ್ರವೋ ಆಸ್ತಿಯ ಖಾತೆಯೋ ಹೇಳಿದ ದಿನಕ್ಕೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಕೊಡಬೇಕು. ಪಿಂಚಣಿ, ಗೃಹಲಕ್ಷ್ಮಿಯಂಥವುಗಳ ತಿಂಗಳ ಕಂತನ್ನೂ ಅದರಡಿ ತಂದು, ಇಂಥ ತಾರೀಕು ಎಂದು ಬರೆದುಬಿಡಲಿ. ಸಂಧ್ಯಾ ಸುರಕ್ಷೆಯ 1,200 ರೂಪಾಯಿಗೆ ಕಾಯುವ ಅಜ್ಜಿಗೆ ದಿನಕ್ಕೆ 20 ರೂಪಾಯಿ ಸಣ್ಣದಲ್ಲ. ಗೃಹಲಕ್ಷ್ಮಿಯರು ಒಂದು ಕೋಟಿಗೂ ಹೆಚ್ಚಿದ್ದಾರೆ. ಒಂದು ದಿನ ತಡವಾದರೆ ಸರ್ಕಾರದ ಮೇಲೆ 20 ಕೋಟಿ ಬೀಳುತ್ತದೆ. ಆಗ ಹಣಕಾಸು ಇಲಾಖೆಯೂ ಅತ್ತಿಗೆಯ ಜೊತೆ ದಿನ ಎಣಿಸಲು ಕೂರುತ್ತದೆ.